ಚಿಲ್ಲರ ಇಲ್ರೀ

ನಿವೃತ್ತಿ ದಿನ ಡಿಪೋದವ್ರು ಶಾಲು ಹೊದಿಸಿ
ಒಂದು ಕೂಪನ್ನೂ ಕೊಟ್ರು: ಗೋಕುಲ ರೋಡಿನ ಸ್ಪಾ, ಒಂದು ತಾಸು.
"ಅಕ್ಕಾರ, ಆ ಭುಜ ಒಮ್ಮೆ ತೋರಸ್ರಿ" ಅಂದ ಮೆಕ್ಯಾನಿಕ್ ಮೌಲಾಲಿ.
ಮೂರು ತಿಂಗಳು ಅದು ಸಕ್ಕರಿ ಡಬ್ಬಿ ಕೆಳಗ ಬಿದ್ದಿತ್ತು.

ಇಪ್ಪತ್ತಾರು ವರ್ಷ ಎಡ ಹೆಗಲಿಗೆ ಚೀಲ,
ಬಲಗೈ ಮ್ಯಾಲಿನ ಕಂಬಿಗೆ.
ಹುಬ್ಬಳ್ಳಿ ಗದಗ, ಗದಗ ಹುಬ್ಬಳ್ಳಿ.
ಅಣ್ಣಿಗೇರಿ ದಾಟಿದ ಮ್ಯಾಲಿನ ಒಂದೊಂದು ತಗ್ಗೂ
ಈ ಎಲುಬಿನಾಗ ಗುರ್ತು ಬಿಟ್ಟೈತಿ.

ಒಳಗ ಸಣ್ಣ ದೀಪ. ನೀರಿನ ಸಪ್ಪಳ, ನಳ ಮಾತ್ರ ಎಲ್ಲೂ ಕಾಣ್ಲಿಲ್ಲ.
ಹುಡುಗಿ ಎದಿಮ್ಯಾಲೆ ಬಿಲ್ಲೆ: ಡಯಾನಾ.
ಬೆನ್ನಿಗೆ ಕೈ ಹಚ್ಚಿದ್ದ ತಡ
"ಅಯ್ಯ, ಇಲ್ಲೆ ಗಂಟು ಕೂತೈತ್ರಿ" ಅಂದ್ಲು,
ಅಪ್ಪಟ ನಮ್ಮ ಕಡೀ ಮಾತು.
ಯಾವೂರವ್ವಾ? ಹುಲಕೋಟಿ.
ಮನ್ಯಾಗೇನಂತಾರ? ದ್ಯಾಮವ್ವ.

ಆ ತಾಸಿನ ಬಗ್ಗೆ ಹೆಚ್ಚು ಹೇಳೂದಿಲ್ಲ.
ಬಾಣಂತಿ ಇದ್ದಾಗ ಅವ್ವ ಎಣ್ಣಿ ತಿಕ್ಕಿದ ಮ್ಯಾಲೆ
ಹೀಂಗ ಯಾರೂ ಮುಟ್ಟಿರದ ಬೆನ್ನು.
ಮಾರಿ ಇಡೋ ತೂತಿನಾಗಿಂದ ಎರಡು ಹನಿ ನೆಲಕ್ಕ ಬಿದ್ವು.
ಆಕಿ ನೋಡಿದ್ರೂ ನೋಡದವರಂಗ ಇದ್ಲು.

ಎದ್ದೆ. ಆಗ ಬಂತು ಫಜೀತಿ.
ಹೊರಗ ಗಾಜಿನ ಡಬ್ಬಿ, ಟಿಪ್ಸ್ ಅಂತ ಬರೆದದ್ದು,
ಅದರ ಕೀಲಿ ಮಾಲಕನ ಬೆಲ್ಟಿಗೆ.
ಡಬ್ಬಿಗೆ ಹಾಕಿದ್ದು ಯಾವೂರಿಗೆ ಹೋಗತೈತಿ
ಅನ್ನೋದು ನನಗ ಗೊತ್ತಿಲ್ಲೇನು?
ಹಂಗಾರ ಕೈಯಾಗ ಕೊಡಬೇಕು. ಎಷ್ಟು?
ನೂರು ಕೊಟ್ರ ನನ್ನ ಬೆನ್ನಿಗೆ ನಾನ ಹೀನಾಯ ಮಾಡಿದಂಗ,
ಐನೂರು ಕೊಟ್ರ ಸಾಹುಕಾರ್ತಿ ಆಟ ಆಡಿದಂಗ.
ಜಲ್ಮೆಲ್ಲ ಮಂದಿ ನನ್ನ ಕೇಳಿದ್ದು ಇದನ್ನ: ಎಷ್ಟ್ರೀ?
ಸ್ಟೇಜ್ ನೋಡಿ ಥಟ್ಟನೆ ಹೇಳತಿದ್ದೆ,
ಹುಲಕೋಟಿಗೆ ಇಷ್ಟು, ಗದಗಿಗೆ ಇಷ್ಟು, ಕೂಸಿಗೆ ಅರ್ಧ.
ಭುಜದಿಂದ ಸೊಂಟದ ತನಕ ಎಷ್ಟು ಸ್ಟೇಜು?

ನೆನಪಾದ್ವು ಹಳೇವು.
"ಇಟ್ಕೋರಿ ಬಾಯಾರ, ಚಾ ಕುಡೀರಿ" ಅಂತ
ಎರಡು ರೂಪಾಯಿ ಬಿಟ್ಟು, ಮಾರಿ ನೋಡದ ಇಳಿದವ್ರು.
ಸಂಜಿಗೆ ಹಣ ಕಟ್ಟುವಾಗ ಹೆಚ್ಚಿಗಿ ಬಂದ್ರೂ ಮೆಮೊ.
ಎಷ್ಟು ಸುಡತಿದ್ವು ಆ ಎರಡು ರೂಪಾಯಿ.

ಅದಕ್ಕ ಮೊದಲು ಆಕಿ ಮಾರಿ ನೋಡಿದೆ.
ರೂಢಿ ಹೋಗೂದಿಲ್ಲ, ಐನೂರರ ನೋಟು ಉದ್ದುದ್ದ ಮಡಚಿ
ಎರಡು ಬೆರಳ ನಡುವ ಹಿಡಿದು ಚಾಚಿದೆ.
ಎಣ್ಣಿಗೈ ಒರಸ್ಕೋತ ಆಕಿ ಅಂದ್ಲು:
"ಚಿಲ್ಲರ ಇಲ್ರೀ."

ಇಪ್ಪತ್ತಾರು ವರ್ಷ ನಾ ಮಂದಿಗೆ ಅಂದದ್ದು
ಮೊದಲ ಸಲ ನನ್ನ ಕಿವಿಗೆ ಬಿತ್ತು.
ನಕ್ಕೆ. ಆಕಿನೂ ನಕ್ಲು, ಯಾಕಂತ ತಿಳೀದ.
"ಬಾಕಿ ಟಿಕೇಟಿನ ಹಿಂದ ಬರಿ ದ್ಯಾಮವ್ವ,
ಇಳಿಯೋ ಮುಂದ ಕೇಳತೀನಿ."
ಮೆಟ್ಟಲಾ ಇಳಿದೆ. ಕೇಳಲಿಲ್ಲ.

ಹೊಸೂರಿಗೆ ಬಂದು ಬಸ್ ಹತ್ತಿದೆ. ಹೊಸಾ ಹುಡುಗಿ ಕಂಡಕ್ಟರ್,
ಗುರ್ತು ಹಿಡೀಲಿಲ್ಲ, ಆಧಾರ್ ಕೇಳಿದ್ಲು,
ಸೊನ್ನಿ ಟಿಕೇಟು ಹರಿದು ಕೊಟ್ಲು.
ನನ್ನ ಬೆರಳಿನ ಎಣ್ಣಿ ಅದಕ್ಕ ಹತ್ತಿ
ಸೊನ್ನಿಯೊಳಗಿಂದ ಆಚಿ ಬೆಳಕು ಕಾಣಾಕತ್ತಿತು.