ವ್ಯಾಪ್ತಿ

ಮೂವತ್ತೊಂದು ವರ್ಷ ನಾನು ಬರೆದದ್ದು ಒಂದೇ ಉತ್ತರ.
ಬೆಳಿಗ್ಗೆ ಎಂಟೂವರೆಗೆ ಶಾಸಕರ ಸೂಚನೆಗಳು ಬರುತ್ತಿದ್ದವು:
ಗುಂಡುಪಿನ್ನು ತುಕ್ಕು ಹಿಡಿದವು,
ಕಾರಿನೊಳಗೆ ಬರೆದು ಅಕ್ಷರ ಕುಣಿದವು,
'ತುರ್ತು' ಎಂದು ಕೆಂಪಲ್ಲಿ ಮೂರು ಗೆರೆ ಎಳೆದವು.
ಗಡಿಯ ಮಾತು, ಗಣತಿಯ ಮಾತು,
ನೋಟಿನ ಮಾತು, ಯುದ್ಧದ ಮಾತು.
ಸದನದ ಗಂಟೆ ಬಾರಿಸುವ ಮುಂಚೆ ಟೈಪಾಗಿರಬೇಕು:

'ತಮ್ಮ ಸೂಚನೆಯನ್ನು ಪರಿಶೀಲಿಸಲಾಗಿದೆ.
ವಿಷಯವು ರಾಜ್ಯದ ವ್ಯಾಪ್ತಿಗೆ ಒಳಪಡದ ಕಾರಣ
ಚರ್ಚೆಗೆ ಅವಕಾಶ ನೀಡಲು ಬರುವುದಿಲ್ಲ.'

ಕೆಳಗೆ ಸಹಿಗೆ ಜಾಗ. ಸಹಿ ನನ್ನದಲ್ಲ,
ತಪ್ಪಿದ್ದರೆ ಅದು ನನ್ನದು.
ಒಂದು ಸಲ ನಡುವಿನ 'ವ' ಹಾರಿ
ಚರ್ಚೆಗೆ 'ಅಕಾಶ' ಇಲ್ಲವೆಂದು ಹೋಯಿತು.
ಆಕಾಶವೆಂದೇ ಓದಿಕೊಂಡಿರಬೇಕು,
ಯಾರೂ ಆಕ್ಷೇಪಿಸಲಿಲ್ಲ.

ಈಗ ಅರಸೀಕೆರೆ. ರೈಲ್ವೆ ಗೇಟಿನ ಹಿಂದಿನ ಬೀದಿ.
ಹೆಂಡತಿ ಇಲ್ಲಿನ ಬಾಲಕಿಯರ ಶಾಲೆಗೆ ಹೆಡ್‌ಮೇಡಂ,
ನಾನು ಅವಳ ಹಿಂದೆ ಬಂದ ಲಗೇಜು.
ನನ್ನ ಅನುಮತಿ ಕೇಳದೆ
ಹಗಲೂ ರಾತ್ರಿ ದೇಶ ಗೇಟು ದಾಟುತ್ತದೆ.

ಹಳೆಯ ಅಂಗಿಗಳ ಗುಂಡಿ ಕೂಡುತ್ತಿಲ್ಲವೆಂದು
ಕೊಬ್ಬರಿ ಮಂಡಿಯೆದುರಿನ ಟೈಲರ್ ವಜೀರ್ ಸಾಬರಲ್ಲಿ ಹೋದೆ.
'ಎಲ್ಲಿತ್ತು ಸಾರ್ ಕೆಲಸ?'
ಹೇಳಿದೆ.
ಕತ್ತರಿ ಬಟ್ಟೆಯ ನಡುವೆ ನಿಂತಿತು.

ಅಳತೆ ಪುಸ್ತಕದ ರಟ್ಟಿನೊಳಗಿಂದ
ನಾಲ್ಕು ಮಡಿಕೆಯ ಕಾಗದ ತೆಗೆದರು.
ನನ್ನದೇ ಅಂಚು. ಬಲಕ್ಕೆ ವಾಲಿದ ನನ್ನದೇ ದಿನಾಂಕ.
ಪುಟ್ಟಲಿಂಗಯ್ಯನವರಿಗೆ ಹೋದ ಉತ್ತರ.
ಒಂದೇ ಸಲ ಗೆದ್ದವರು, ಸದನದಲ್ಲಿ ಹಿಂದಿನ ಸಾಲು,
ಕ್ಯಾಂಟೀನಿನಲ್ಲಿ ನನಗೊಮ್ಮೆ ಚೌಚೌ ಬಾತು ಕೊಡಿಸಿದವರು.

'ಬರೆದದ್ದು ಅವರು ಸಾರ್, ಹೇಳಿದ್ದು ನಾನು.
ಮಂಡೀಲಿ ಮೂಟೆ ಹೊರೋ ಹುಡುಗ ಒಬ್ಬ ಇದ್ದ.
ಮೂರು ರಾತ್ರಿ ರೈಲಲ್ಲಿ ಕೂತು ಬಂದೋನು,
ನನ್ನ ಮಾತು ಅವನಿಗೆ ಬರದು, ಅವನದು ನನಗೆ.
ಪ್ಯಾಂಟು ಉದ್ದ ಅಂತ ಕೈಯಲ್ಲಿ ತೋರಿಸಿ ಕೊಟ್ಟ,
ನಾಳೆ ಬಾ ಅಂತ ಕೈಯಲ್ಲೇ ಹೇಳಿದೆ.
ರಾತ್ರಿ ಫೋನು ಬಂತಂತೆ, ಅವನೂರಿಗೆ ಬೆಂಕಿ ಇಟ್ಟವರೆ ಅಂತ.
ಸಿಕ್ಕಿದ ರೈಲು ಹತ್ತಿದ.
ತಿಂಗಳು ಪೂರ್ತಿ ಪೇಪರಲ್ಲಿ ಹುಡುಕಿದೆ, ಆ ಊರ ಹೆಸರು ಬರಲೇ ಇಲ್ಲ.
ಲಿಂಗಯ್ಯನೋರು ಜುಬ್ಬದ ಅಳತೆಗೆ ಬಂದಾಗ ಕೇಳಿದೆ:
ಒಂದು ಗಂಟೆ ಮಾತಾಡ್ಸಿ ಸಾರ್ ಅಲ್ಲಿ,
ಆ ಊರ ಹೆಸರು ಯಾರ ಬಾಯಲ್ಲಾದರೂ ಬರಲಿ.'

ಗೋಡೆಯ ಮೊಳೆಗೆ ಬೂದು ಪ್ಯಾಂಟು.
ಅಂಚು ಮಡಿಸಿ ಹೊಲಿದಾಗಿದೆ.
ಮಡಿಕೆಯ ಉದ್ದಕ್ಕೂ ಸಣ್ಣಗೆ ಧೂಳು.

ನನಗೆ ಆ ಬೆಳಿಗ್ಗೆ ನೆನಪಿಲ್ಲ. ಅದನ್ನೇ ಹೇಳಬಹುದಿತ್ತು.
ಇಪ್ಪತ್ತೆರಡು ಸೂಚನೆ ಬಂದಿರಬೇಕು,
ಕಾಫಿ ಆರುವ ಮುಂಚೆ ಇಪ್ಪತ್ತೆರಡು ಹೆಸರು ಬದಲಿಸಿರಬೇಕು.
ನಿಯಮ ತಪ್ಪಲ್ಲ ಎಂದು ಈಗಲೂ ವಾದಿಸಬಲ್ಲೆ:
ಎಲ್ಲರೂ ಎಲ್ಲದರ ಮಾತಾಡುತ್ತ ಕೂತರೆ
ಹಾಸನದ ಚರಂಡಿಯ ಮಾತು ಯಾರಾಡಬೇಕು?
ಬಾಯಿ ತೆರೆದೆ.
ಹೊರಗೆ ಗೇಟು ಬಿತ್ತು, ಗೂಡ್ಸು ಬಂತು.
ಐವತ್ತೆಂಟು ಡಬ್ಬಿ ಹೋಗುವವರೆಗೆ
ಇಬ್ಬರೂ ಸುಮ್ಮನಿದ್ದೆವು. ಎಣಿಸಿದ್ದು ನಾನು.

'ಬೇಜಾರಿಲ್ಲ ಸಾರ್. ಉತ್ತರ ಅಂತ ಬಂತಲ್ಲ, ಸೀಲು ಸಮೇತ.
ನೀನೇ ಇಟ್ಕೋ ಅಂದ್ರು ಲಿಂಗಯ್ಯನೋರು.
ಒಂದು ಪದ ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ.
ಈ ವ್ಯಾಪ್ತಿ ಅಂದ್ರೆ
ಎಷ್ಟು ಬರುತ್ತೆ ಸಾರ್?'

ಟೇಪು ಅವರ ಕೊರಳಿಂದ ಇಳಿಯಿತು.
ಎರಡೂ ಕೈ ಅಗಲಿಸಿ ನಿಂತೆ.
ಎದೆಯ ಸುತ್ತ ತಣ್ಣನೆಯ ಪಟ್ಟಿ ಬಂದು ಕೂಡಿತು.
'ಉಸಿರು ಬಿಡಿ ಸಾರ್,' ಅಂದರು,
'ಹಿಡ್ಕೊಂಡ್ರೆ ಅಳತೆ ಸುಳ್ಳಾಗುತ್ತೆ.'