ಹಂಸನ ದೋಣಿಯಲ್ಲಿ

ಮೂರ್ನಾಡಿನಿಂದ ಬಂದ ಬಸ್ಸು ಇಲ್ಲಿಗೇ ನಿಲ್ಲುತ್ತದೆ.
ಮುಂದೆ ರಸ್ತೆ ಉಂಟು, ನೀರಿನಡಿ.
ಡಾಂಬರಿನ ಬಿಳಿ ಗೆರೆ ಹತ್ತಡಿ ಕಾಣುತ್ತದೆ,
ಆಮೇಲೆ ಎಲ್ಲ ಮಣ್ಣಿನ ಬಣ್ಣ.
ಮೈಲಿಗಲ್ಲಿನಲ್ಲಿ ನಾಪೋಕ್ಲು ಎಂಬ ಹೆಸರು ಮೇಲಿದೆ,
ಇನ್ನೆಷ್ಟು ದೂರ ಎಂಬುದು ಮುಳುಗಿದೆ.

ಐದು ಜನ ಕಾಯುತ್ತಿದ್ದೇವೆ. ಆಸ್ಪತ್ರೆಯ ನರ್ಸು,
ಕೋಳಿಮರಿ ಬುಟ್ಟಿಯ ಗಂಡ ಹೆಂಡತಿ,
ಗ್ಯಾಸ್ ಸಿಲಿಂಡರ್ ಹೊತ್ತ ಹುಡುಗ,
ಮತ್ತೆ ನಾನು, ಐವತ್ಮೂರು ವರ್ಷದ ಗೋಲ್ ಕೀಪರು,
ಹೋದ ವಾರವಷ್ಟೇ ಹಾಲೆಂಡಿನಲ್ಲಿ,
ನಮ್ಮಂಥ ವಯಸ್ಸಾದವರ ಹಾಕಿಯಲ್ಲಿ,
ಒಂದೇ ಆಟಕ್ಕೆ ಏಳು ಗೋಲು ಬಿಟ್ಟುಕೊಟ್ಟು ಬಂದವಳು.

ಹಂಸ ಬರುತ್ತಾನೆ, ಕೋಲೂರಿ, ನಿಂತೇ.
ನನ್ನ ಶಾಲೆಯ ಹಳೆಯ ಲೆಫ್ಟ್ ಔಟು.
‘ಏನು ಬೋಜಮ್ಮ ಟೀಚರೇ, ಅಲ್ಲಿ ಊರೊಳಗೇ ದೋಣಿಯಂತೆ?’

ದೋಣಿಯೇ, ಹಂಸ. ಡೆಲ್ಫ್ಟ್ ಅಂತ ಊರು,
ಹೇಳಹೋದರೆ ನಾಲಿಗೆ ಹಲ್ಲಿಗೆ ಸಿಕ್ಕುತ್ತದೆ.
ಸೋತವರಿಗೆ ಒಂದು ದಿನ ರಜೆ ಸಿಕ್ಕಿತ್ತು.
ಬೀದಿಯ ಪಕ್ಕ ಕಾಲುವೆ, ಕಾಲುವೆಯ ಪಕ್ಕ ಸೈಕಲ್ಲು,
ಸೈಕಲ್ಲಿನ ಪಕ್ಕ ಬಾಗಿಲು, ಮೆಟ್ಟಿಲ ಮೇಲೆ ಹೂವಿನ ಕುಂಡ.
ಹೊಸ್ತಿಲಿಗೆ ಎರಡು ಮೊಳ ಕೆಳಗೆ ನೀರು ನಿಂತಿದೆ,
ಒಳಗೆ ಬರುವ ಯೋಚನೆಯೇ ಇಲ್ಲದ ಹಾಗೆ.
ಎಲ್ಲರೂ ಕಿಟಕಿ ನೋಡಿದರು, ಫೋಟೋ ತೆಗೆದರು.
ನಾನು ಗೋಡೆಯ ಬುಡ ನೋಡಿದೆ,
ಕೆಸರಿನ ಗೆರೆ ಹುಡುಕಿದೆ.
ಇರಲಿಲ್ಲ.

ಹಂಸಗಳಿದ್ದವು. ನಗಬೇಡ.
ಅಲ್ಲಿಯ ತನಕ ನಾನು ಕಂಡ ಹಂಸ ನೀನೊಬ್ಬನೇ.
ಹಾಲು ನೀರು ಬೇರೆ ಮಾಡುವ ಮಾತಿರಲಿ,
ಕುತ್ತಿಗೆ ಚಾಚಿ ಬುಸ್ಸೆಂದು ಬಂದು
ನನ್ನ ಕೈಯ ಬನ್ನು ಕಿತ್ತುಕೊಂಡಿತು.
ಎಂಟನೆಯ ಗೋಲು.

ಗೈಡು ಹುಡುಗಿ ಒಂದು ಇಟ್ಟಿಗೆ ಕಟ್ಟಡ ತೋರಿಸಿ
ಕರಿಮೆಣಸಿನ ಕಾಲದ್ದು, ಹಡಗಿನಲ್ಲಿ ಬರುತ್ತಿತ್ತು, ಅಂದಳು.
ನನಗೆ ಬಿದಿರೇಣಿ, ಅಂಗಳದ ಟಾರ್ಪಾಲು, ಒಣಗುವ ಕಾಳು,
ಕಾಳೊಂದನ್ನು ಹಲ್ಲಲ್ಲಿ ಕಚ್ಚಿ ‘ತೇವ ಉಂಟು’ ಎಂದು
ಕಿಲೋಗೆ ಹತ್ತು ರೂಪಾಯಿ ಮುರಿಯುವ
ಗೋಣಿಕೊಪ್ಪದ ಸಾಹುಕಾರ.
ಆ ಕಟ್ಟಡದಲ್ಲಿ ಎಲ್ಲೂ ತೇವ ಕಾಣಲಿಲ್ಲ.

ಕೇಳು, ಆ ನೆಲ ಸಮುದ್ರಕ್ಕಿಂತ ತಗ್ಗಿನಲ್ಲಿದೆಯಂತೆ.
ಹಗಲೂ ರಾತ್ರಿ ಯಾರೋ ಕಾವಲಿರುತ್ತಾರೆ,
ಪಂಪು, ಗೇಟು, ಅಳತೆಗೋಲು.
ನೀರಿನೆದುರು ಪ್ಯಾಡ್ ಕಟ್ಟಿ ನಿಂತ ಇಡೀ ದೇಶ!
ನನಗದು ಅರ್ಥವಾಗುತ್ತದೆ:
ಬಿಟ್ಟದ್ದನ್ನು ಬೋರ್ಡಿನಲ್ಲಿ ಬರೆಯುತ್ತಾರೆ,
ತಡೆದದ್ದನ್ನು ಯಾರೂ ಎಣಿಸುವುದಿಲ್ಲ.

‘ದೋಣಿಗೆ ಎಷ್ಟು ಕೊಟ್ಟಿರಿ?’
ಹನ್ನೆರಡು ಯೂರೋ. ಅವನು ತುಟಿಯಲ್ಲೇ ಗುಣಿಸುತ್ತಾನೆ,
ಕೋಲು ಒಂದು ಕ್ಷಣ ನಿಲ್ಲುತ್ತದೆ.

ಎಡಗಡೆಗೆ ಅವನ ಮನೆ. ಈ ಸಲ ಮೆಟ್ಟಿಲ ತನಕ.
ಬಾಗಿಲ ಚೌಕಟ್ಟಿಗೆ ಮಗಳು ಸಫೂರಾ
ವರ್ಷಕ್ಕೆರಡು ಪೆನ್ಸಿಲ್ ಗೆರೆ ಹಾಕುತ್ತಾಳೆ,
ತನ್ನ ಎತ್ತರಕ್ಕೊಂದು, ನೀರಿನ ಎತ್ತರಕ್ಕೊಂದು.
ಮೊದಲು ನೀರೇ ಮುಂದಿತ್ತು.
‘ಹೋದ ವರ್ಷದಿಂದ ಅವಳು ಗೆಲ್ಲುತ್ತಿದ್ದಾಳೆ.’

ಚೀಲದಿಂದ ಟೈಲು ತೆಗೆದು ಕೊಟ್ಟೆ.
ಬಿಳಿಯ ಮೇಲೆ ನೀಲಿ ದೋಣಿ, ನೀಲಿ ಮನುಷ್ಯ.
ಮೂಲೆ ಮುಕ್ಕಾಗಿದೆ, ಅದಕ್ಕೇ ಅಗ್ಗಕ್ಕೆ ಸಿಕ್ಕಿದ್ದು.
ಅಂಗಿಗೆ ಒರೆಸಿ, ತಿರುಗಿಸಿ ನೋಡಿ ಕೇಳುತ್ತಾನೆ,
‘ಗೋಡೆಗೆ ಎಲ್ಲಿ ಅಂಟಿಸಲಿ ಟೀಚರೇ,
ಗೆರೆಯ ಮೇಲೋ, ಕೆಳಗೋ?’

ಉತ್ತರ ಹೊಳೆಯುವ ಮೊದಲೇ
ಜೋತುಬಿದ್ದ ಕರೆಂಟು ತಂತಿ ಎದುರಾಗುತ್ತದೆ,
ನಾಲ್ಕು ದಿನದಿಂದ ಜೀವವಿಲ್ಲದ್ದು.
ಅಲ್ಲಿ ಸೇತುವೆ ಬಂದಾಗಲೆಲ್ಲ ಗೈಡು
ತಲೆ ತಗ್ಗಿಸಿ ಎಂದು ಮೂರು ಭಾಷೆಯಲ್ಲಿ ಕೂಗುತ್ತಿದ್ದಳು.
ಹಂಸ ನರ್ಸಿಗೆ ಮಲಯಾಳದಲ್ಲಿ,
ಸಿಲಿಂಡರಿನ ಹುಡುಗನಿಗೆ ಕನ್ನಡದಲ್ಲಿ,
ನನಗೆ ಕೊಡವ ತಕ್ಕಿನಲ್ಲಿ ಹೇಳುತ್ತಾನೆ.
ತಗ್ಗಿಸುತ್ತೇವೆ.
ಕೋಳಿಮರಿಗಳು ಮಾತ್ರ ಬುಟ್ಟಿಯ ಸಂದಿನಿಂದ
ಕತ್ತು ಚಾಚಿ ನೋಡುತ್ತವೆ.