ಯಾರ ಪರವಾಗಿ

ಅರ್ಜಿಯ ನಾಲ್ಕನೇ ಕಲಮಿನಲ್ಲೇ ಸಿಕ್ಕಿಕೊಂಡೆ:
'ನೀವು ಯಾರ ಪರವಾಗಿ ಮಾತಾಡುತ್ತೀರಿ?'
ಸರ್ಕಾರ, ಕಂಪನಿ, ತಂತ್ರಜ್ಞರು,
ಕೊನೆಗೆ, ಉಳಿದ ಜಾಗದಲ್ಲಿ ತುರುಕಿದ ಹಾಗೆ,
ಬಿಡಿ ಬಳಕೆದಾರರು.
ಬಿಡಿ ಎಂದರೆ ಒಂದೊಂದೇ ಎಂದೂ ಹೌದು,
ಹೋಗಲಿ ಬಿಡಿ ಎಂದೂ ಹೌದು.
ಅದಕ್ಕೇ ಗುರುತು ಹಾಕಿದೆ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಎದುರು
ನನ್ನದೊಂದು ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರು,
ಬೆರಳಿಡಲು ಕೆಂಪಗೆ ಮಿನುಗುವ ಒಂದು ಗಾಜು.
ಹನ್ನೊಂದು ವರ್ಷದಿಂದ ಜನ ತಮ್ಮ ಪಾಸ್‌ವರ್ಡುಗಳನ್ನು
ನನ್ನ ಕಿವಿಯಲ್ಲಿ ಉಸುರಿ ಹೋಗಿದ್ದಾರೆ:
ಮಗಳ ಹೆಸರು, ಸತ್ತ ಎತ್ತಿನ ಹೆಸರು, ಒಂದು ಎರಡು ಮೂರು.

ಬ್ಯಾಟಪ್ಪ ಇಂಗ್ಲಿಷಿಗೆ ಹೋಗಿ ಬರುವಷ್ಟರಲ್ಲಿ
ಬೈಟಪ್ಪನಾದ.
ಪಿಂಚಣಿ ಬ್ಯಾಟಪ್ಪನದು, ಖಾತೆ ಬೈಟಪ್ಪನದು,
ನಡುವೆ ಬೆಂಚಿನ ಮೇಲೆ ಕೂತವನು
ಯಾರೆಂದು ಅವನಿಗೇ ಅನುಮಾನ.

ರಹಮತ್ ಬೀ ನೂಲು ಬಿಚ್ಚುವವಳು.
ಬಿಸಿನೀರಲ್ಲಿ ಗೂಡು ತಡಕಿ ತಡಕಿ
ಬೆರಳ ಗೆರೆಯೆಲ್ಲ ನೀರಿಗೇ ಹೋಯಿತು.
ಹೆಬ್ಬೆರಳು, ತೋರು, ನಡು, ಯಾವುದನ್ನೂ ಗಾಜು ಒಪ್ಪದು.
'ಮಿಷಿನ್‌ಗೆ ನಾನು ಕಾಣ್ಸಲ್ವಾ?' ಅಂತ
ಅಂಗೈ ತಿರುಗಿಸಿ ತಾನೇ ಹುಡುಕುತ್ತಾಳೆ.

ಸಭೆ ಸಮುದ್ರದಾಚೆ. ಅವರ ಸಂಜೆ
ನನ್ನ ರಾತ್ರಿ ಒಂದೂಮುಕ್ಕಾಲು.
ಷಟರ್ ಅರ್ಧ ಇಳಿಸಿ ಕೂತೆ. ಸಂದಿಯಿಂದ
ಬೆಂದ ಹುಳುವಿನ ವಾಸನೆ ಎಂದಿನಂತೆ ಒಳಗೆ.
ಮೂರು ನಿಮಿಷ ಎಂದರು.
ಅಧ್ಯಕ್ಷರು ಮೊದಲು ವಿನಯದಿಂದಲೇ ಕೇಳಿದರು:
'ನಿಮ್ಮನ್ನು ಆರಿಸಿದವರು ಎಷ್ಟು ಮಂದಿ?'

ಯಾರೂ ಇಲ್ಲ.
ಇಂಥದೊಂದು ಸಭೆ ಉಂಟೆಂದು
ಬ್ಯಾಟಪ್ಪನಿಗೆ ಹೇಳಿದವರೂ ಇಲ್ಲ.
ಪ್ರತಿ ಅರ್ಜಿಗೆ ಮೂವತ್ತು ರೂಪಾಯಿ ಎಣಿಸಿಕೊಳ್ಳುವವಳು ನಾನು,
ಅದನ್ನೂ ಹೇಳಬೇಕಿತ್ತು. ಹೇಳಲಿಲ್ಲ.

ಒಂದು ಗೂಡಿನ ಎಳೆ ಕಣ್ಣಿಗೆ ಕಾಣದು,
ಎಂಟು ಹತ್ತು ಕೂಡಿದರೆ ರೇಷ್ಮೆ—
ಹೀಗೊಂದು ಮಾತು ಬರೆದಿಟ್ಟುಕೊಂಡಿದ್ದೆ.
ಚಪ್ಪಾಳೆ ಬೀಳುತ್ತಿತ್ತೇನೋ.
ಆದರೆ ಎಳೆ ಬಿಚ್ಚಿದ ಮೇಲೆ ಹುಳುವಿನ ಗತಿ
ನಮ್ಮೂರವರಿಗೆ ಗೊತ್ತು.
ಚೀಟಿ ಮಡಿಚಿದೆ.

'ಒಬ್ಬಳ ಹೆಸರು ಹೇಳುತ್ತೇನೆ, ಬರೆದುಕೊಳ್ಳಿ' ಎಂದೆ.
ರ. ಹ. ಮ. ಒತ್ತಿ ಹೇಳಿದೆ, ಬಿಡಿಸಿ ಹೇಳಿದೆ.
ಪರದೆಯ ಕೆಳಗೆ ತಾನಾಗಿ ಮೂಡುವ ಸಾಲಿನಲ್ಲಿ
ಅದು ಯಾವುದೋ ಊರಿನ ಹೆಸರಾಗಿ ಬಂತು,
ಮರುಗಳಿಗೆ ಹಣ್ಣಿನ ಹೆಸರಾಗಿ.
ಇನ್ನೊಮ್ಮೆ ಹೇಳಿದೆ. ಗಂಟೆ ಹೊಡೆಯಿತು.
'ದಾಖಲಿಸಿಕೊಂಡಿದ್ದೇವೆ' ಎಂದರು.
ಏನೆಂದು?

ಬೆಳಗ್ಗೆ ಒಂಬತ್ತಕ್ಕೇ ಬಂದಿದ್ದಳು.
'ರಾತ್ರಿಯೆಲ್ಲ ಕೊಬ್ಬರಿ ಎಣ್ಣೆ ಹಚ್ಕೊಂಡು ಮಲ್ಗಿದ್ದೆ,
ಇವತ್ತು ನೋಡೋಣ' ಅಂತ ನಕ್ಕಳು.
ನಾನು ಏನನ್ನೂ ಹೇಳಲಿಲ್ಲ.
ಸೀರೆಯ ಸೆರಗಿನಿಂದ ಗಾಜು ಒರೆಸಿದೆ,
ಅವಳು ಎಡಗೈಯ ಕಿರುಬೆರಳು ಇಟ್ಟಳು.